ಶಿಲ್ಪಾಳ ಗಾಡಿಯ ಕಪ್ಪು ಕೌದಿ

ಬಸವೇಶ್ವರನಗರದ ನಮ್ಮ ಮನೆಯ ಗೇಟಿನ ಮುಂದೆ ಒಂದು ಇಳಿಜಾರು ಇದೆ. ಮನೆ ಕಟ್ಟಿದ ವರ್ಷ ಮಳೆಗಾಲದಲ್ಲಿ ಮೋರಿ ತುಂಬಿ ನೀರು ನಡುಮನೆಯವರೆಗೂ ಬಂದಿತ್ತು. ಆಮೇಲೆ ನಮ್ಮ ಯಜಮಾನರು ಅಂಗಳಕ್ಕೆ ಮಣ್ಣು ಹೊಡೆಸಿ ಎತ್ತರಿಸಿದರು. ಮೋರಿಯ ಮೇಲೆ ಚಪ್ಪಡಿ ಹಾಕಿಸಿ, ಅಲ್ಲಿಂದ ರಸ್ತೆಗೆ ಸಿಮೆಂಟಿನ ಇಳಿಜಾರು ಮಾಡಿಸಿದರು. ನೀರು ಮತ್ತೆ ಬರಲಿಲ್ಲ, ಆದರೆ ಇಳಿಜಾರು ಕಡಿದಾಯಿತು. ಸಿಮೆಂಟು ಚಪ್ಪಡಿಗೆ ಸೇರುವ ಕಡೆ ಒಂದು ಬೆರಳು ದಪ್ಪದ ಅಂಚು ಬೇರೆ ಉಳಿದುಕೊಂಡಿತು. ಯಜಮಾನರು ಹೋದರು, ಅಂಚು ಹಾಗೇ ಇದೆ. ಶಿಲ್ಪಾಳ ವಿಷಯ ಹೇಳಬೇಕಾದರೆ ಆ ಅಂಚಿನಿಂದಲೇ ಶುರು ಮಾಡಬೇಕು.

ಶಿಲ್ಪಾ ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗೆ ಇದ್ದಾಳೆ. ಊರು ಕೊಪ್ಪಳದ ಕಡೆ. ಜೊತೆಗೆ ತಾಯಿ ಕಸ್ತೂರೆವ್ವ. ಶಿಲ್ಪಾಳಿಗೆ ಕೂಸಾಗಿದ್ದಾಗಲೇ ಪೋಲಿಯೊ ಆಗಿ ಎಡಗಾಲು ಸೊರಗಿದೆ. ತೊಡೆಯಿಂದ ಪಾದದವರೆಗೆ ಎರಡು ಕಡೆ ಕಬ್ಬಿಣದ ಪಟ್ಟಿ, ನಡುವೆ ಚರ್ಮದ ಬೆಲ್ಟುಗಳು, ಕೆಳಗೆ ಅದಕ್ಕೇ ಸೇರಿದ ಬೂಟು. ಅದಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದನ್ನು ಬಿಗಿದುಕೊಂಡು, ಕೈಯಲ್ಲಿ ಒಂದು ಕೋಲು ಹಿಡಿದು ನಡೆಯುತ್ತಾಳೆ. ಅವಳು ಬರುವುದು ಶಬ್ದದಲ್ಲೇ ಗೊತ್ತಾಗುತ್ತದೆ. ಒಂದು ಹೆಜ್ಜೆ ಮೆತ್ತಗೆ, ಒಂದು ಹೆಜ್ಜೆ ಟಣ್ ಎಂದು.

ಅವಳ ಕೆಲಸ ರಾಜಾಜಿನಗರದಲ್ಲಿ, ಕೃತಕ ಕಾಲು ಮಾಡುವ ಒಂದು ವರ್ಕ್‌ಶಾಪಿನಲ್ಲಿ. ಕಾಲು ಕಳೆದುಕೊಂಡವರು ಅಲ್ಲಿಗೆ ಬರುತ್ತಾರೆ. ಕಾಲಿನ ಉಳಿದ ಭಾಗದ ಅಳತೆಗೆ ಪ್ಲಾಸ್ಟರಿನ ಅಚ್ಚು ತೆಗೆದು, ಅದರ ಮೇಲೆ ಕಾರ್ಬನ್ ಎಳೆಯಿಂದ ನೇಯ್ದ ಕಪ್ಪು ಬಟ್ಟೆ ಹಾಸಿ, ರೆಸಿನ್ ಅನ್ನುವ ಒಂದು ಅಂಟು ಕುಡಿಸುತ್ತಾರೆ. ಅಂಟು ಒಣಗಿದ ಮೇಲೆ ಆ ಬಟ್ಟೆ ಕಬ್ಬಿಣದಷ್ಟು ಗಟ್ಟಿಯಾಗುತ್ತದೆ, ಎತ್ತಿದರೆ ಬಿದಿರು ಬುಟ್ಟಿಯಷ್ಟು ಹಗುರ. ಅಂಥದ್ದೊಂದನ್ನು ಅವಳು ಒಂದು ಸಲ ಮನೆಗೆ ತಂದು ನನ್ನ ಕೈಗೆ ಕೊಟ್ಟಿದ್ದಳು. ಭಾರ ಇರುತ್ತದೆಂದು ಎರಡೂ ಕೈ ಚಾಚಿದ್ದ ನಾನು, ಅದು ಕೈಗೆ ಬಂದದ್ದೇ ತಿಳಿಯದೆ ಮೇಲಕ್ಕೆ ಎತ್ತಿಬಿಟ್ಟೆ. ಅವಳು ನಕ್ಕಳು.

ಆದರೆ ಅವಳ ಗಾಡಿ ಮಾತ್ರ ಆನೆ. ಕಬ್ಬಿಣದ ಮೈಯ ಹಳೇ ಸ್ಕೂಟರು, ಹಿಂದೆ ಎರಡು ಕಡೆಗೂ ಒಂದೊಂದು ಸೈಡ್ ವೀಲು. ಮುಂದಕ್ಕೆ ಇಂಜಿನ್ ಎಳೆಯುತ್ತದೆ, ಹಿಂದಕ್ಕೆ ಮನುಷ್ಯರೇ ತಳ್ಳಬೇಕು. ಅಂಗಳದಲ್ಲಿ ಅದನ್ನು ತಿರುಗಿಸಲು ಜಾಗವಿಲ್ಲ. ಬಂದ ಹೊಸದರಲ್ಲಿ ಅದನ್ನು ಮುಖ ಮುಂದೆ ಮಾಡಿಕೊಂಡೇ ಇಳಿಜಾರು ಏರಿಸಿ ನಿಲ್ಲಿಸಿದ್ದಳು. ಬೆಳಿಗ್ಗೆ ಹಿಂದಕ್ಕೆ ಇಳಿಸುವಾಗ ರಸ್ತೆ ಕಾಣದೆ ಹಾಲಿನ ಆಟೋಗೆ ತಗುಲಿ ಬಿದ್ದು, ಮೊಣಕೈ ಸುಲಿದುಕೊಂಡಳು. ಅಂದಿನಿಂದ ಸಂಜೆಯೇ ಹಿಂಬದಿಯಿಂದ ಒಳಗೆ ತಂದು ನಿಲ್ಲಿಸುವುದು ರೂಢಿಯಾಯಿತು. ಸಂಜೆ ಗೇಟಿನ ಹತ್ತಿರ ಎರಡು ಸಲ ಹಾರ್ನ್ ಕೇಳುತ್ತಿತ್ತು. ಕಸ್ತೂರೆವ್ವ ಒಲೆ ಸಣ್ಣ ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡುತ್ತಿದ್ದಳು. ಮಗಳು ಗಾಡಿಯಿಂದಿಳಿದು, ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ಹಿಂದಕ್ಕೆ ತಳ್ಳಬೇಕು, ತಾಯಿ ಹಿಂದಿನಿಂದ ಎಳೆಯಬೇಕು. ಅಂಚಿನ ಹತ್ತಿರ ಇಬ್ಬರೂ ಒಟ್ಟಿಗೆ ಉಸಿರು ಹಿಡಿಯಬೇಕು.

ಹೋದ ವರ್ಷ ದೀಪಾವಳಿ ಆದ ಮೇಲೆ ಕಸ್ತೂರೆವ್ವನ ಚಿಕ್ಕ ಮಗಳು ದಾನಮ್ಮ ಬಸುರಿ ಎಂದು ಊರಿನಿಂದ ಸುದ್ದಿ ಬಂತು. ಬಾಣಂತನಕ್ಕೆ ತಾಯಿ ಹೋಗಲೇಬೇಕು, ಹೋದರೆ ಕೆಲವು ತಿಂಗಳು ಅಲ್ಲೇ. ಕಸ್ತೂರೆವ್ವ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಮಾತು ತೆಗೆದಳು. ನಾನೂ ಅಲ್ಲೇ ಕುಳಿತಿದ್ದೆ.

"ನೀನೂ ನಡಿ ನನ್ನ ಜೋಡಿ," ಎಂದಳು ಮಗಳಿಗೆ.

"ನಾ ಬರಂಗಿಲ್ಲವ್ವಾ. ಅಷ್ಟು ತಿಂಗಳು ರಜಾ ಯಾರ ಕೊಡ್ತಾರ? ಕೆಲಸ ಹೋಗತೈತಿ."

"ಹೋಗ್ಲಿ ಬಿಡು. ಒಬ್ಬಾಕೀನ ಹೆಂಗ ಇರ್ತಿ? ದಿನಾ ಸಂಜೀಕ ಗಾಡಿ ಒಳಗ ಯಾರ ತರ್ತಾರ? ಹಾದಿಮ್ಯಾಲ ಹೋಗೋರನ್ನ ಕರದು ದಬ್ಬಸ್ಕೋಂತ ನಿಂದರ್ತೀಯೇನು?"

"ನಾನ ಏರಸ್ತೀನಿ."

"ಏರಸು ಮತ್ತ! ನಾ ಕಣ್ಣಾರೆ ನೋಡಬೇಕು. ಯಾರನ್ನೂ ಕರೀದ ನೀ ಗಾಡಿ ಒಳಗ ತಂದು ನಿಲ್ಲಿಸಿದ ದಿನ ನಾ ಒಬ್ಬಾಕೀನ ಬಸ್ ಹತ್ತತೀನಿ. ಇಲ್ಲಂದ್ರ ಕೆಲಸ ಬಿಟ್ಟು ಗಂಟುಮೂಟಿ ಕಟ್ಟು."

ಶಿಲ್ಪಾ ಆ ಕೆಲಸವನ್ನು ಎಷ್ಟು ಕಷ್ಟಪಟ್ಟು ಕಲಿತಳು ಎಂದು ನನಗೆ ಗೊತ್ತು. ಅದಕ್ಕೇ ಬಾಯಿ ಹಾಕಿದೆ. "ಇಳಿಜಾರನ್ನೇ ಒಡೆಸಿ ಉದ್ದಕ್ಕೆ ಮಾಡಿಸ್ತೀನಿ ಬಿಡಮ್ಮ. ನಮ್ಮನೇದು ತಾನೇ."

"ಬೇಡ ಆಂಟಿ," ಎಂದಳು ಶಿಲ್ಪಾ. "ನಿಮ್ಮನೇದು ನೀವು ಒಡೆಸ್ತೀರ. ಬ್ಯಾಂಕ್ ಮುಂದಿಂದು, ವರ್ಕ್‌ಶಾಪ್ ಮುಂದಿಂದು, ಮಾರ್ಕೆಟ್ ಮುಂದಿಂದು ಯಾರು ಒಡೆಸ್ತಾರೆ? ಎಲ್ಲಿ ನಿಲ್ಲಿಸಿದ್ರೂ ಯಾರನ್ನಾದ್ರೂ ಕರೀಲೇಬೇಕು. ಗಾಡೀನೇ ಹಗುರ ಮಾಡ್ಕೋತೀನಿ."

ಮುಂದಿನ ಭಾನುವಾರವೇ ಬೀದಿ ಕೊನೆಯ ಮೆಕ್ಯಾನಿಕ್ ನಾಗಭೂಷಣ್‌ನನ್ನು ಕರೆಸಿದಳು. ಅವನು ಗಾಡಿಯ ಸುತ್ತ ಒಂದು ಸುತ್ತು ಬಂದು ಕುಕ್ಕುರುಗಾಲಲ್ಲಿ ಕುಳಿತ.

"ಮೇಡಂ, ಸೈಡ್ ವೀಲ್ ಹಿಡ್ಕೊಂಡಿರೋ ಈ ಕಬ್ಬಿಣ ಮಾತ್ರ ಮುಟ್ಟಬೇಡಿ. ಮಿಕ್ಕಿದ್ದು ಏನ್ ಬೇಕಾದ್ರೂ ಬಿಚ್ಕೊಳ್ಳಿ."

"ಅದನ್ನ ನಾನೂ ಮುಟ್ಟಲ್ಲ ಅಣ್ಣ. ಭಾರ ಹೊರೋದೇ ಅದು. ಭಾರ ಹೊರದೇ ಸುಮ್ನೆ ಕೂತಿರೋ ಕಬ್ಬಿಣ ಎಷ್ಟಿದೆ ತೋರ್ಸಿ."

ಇಬ್ಬರೂ ಸೇರಿ ಬಿಚ್ಚುತ್ತಾ ಹೋದರು. ಹಿಂದಿನ ಎರಡು ಪಕ್ಕದ ತಗಡು, ಕಾಲಿಡುವ ಹಲಗೆಯ ತಗಡು, ಸೀಟಿನ ಹಿಂದಿನ ಪೆಟ್ಟಿಗೆ, ಸೈಡ್ ವೀಲಿನ ಎರಡು ಮಡ್‌ಗಾರ್ಡು. ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಬೈರಪ್ಪನ ಗುಜರಿ ಅಂಗಡಿಗೆ ಹೋದೆವು. ನಮ್ಮ ಕಡೆ ಅಂಥ ದೊಡ್ಡ ತಕ್ಕಡಿ ಇರುವುದು ಅವನೊಬ್ಬನ ಹತ್ತಿರವೇ.

ಬೈರಪ್ಪನ ಮುಖ ಅರಳಿತು. "ಏನಮ್ಮ, ಗಾಡಿ ಪೂರ್ತಿ ಬಿಚ್ಚಾಕ್ಬಿಟ್ರಾ? ಇಂಜಿನ್ ಎಲ್ಲಿ?"

"ಮಾರೋಕಲ್ಲ ಬೈರಪ್ಪ. ತೂಕ ಹಾಕ್ಕೊಡು ಸಾಕು," ಎಂದೆ.

"ತೂಕ ನೋಡ್ಕೊಂಡು ವಾಪಸ್ ತಗೊಂಡು ಹೋಗೋಕೆ ಗುಜರಿಗೆ ಬಂದೋರು ನೀವೇ ಮೊದಲು ಪುಟ್ಟಲಕ್ಷ್ಮಮ್ನೋರೆ," ಎಂದು ಗೊಣಗುತ್ತಲೇ ಹಾಕಿದ. ಇಪ್ಪತ್ತಾರು ಕೆಜಿ ತೂಗಿತು. ದಿನಾ ಸಂಜೆ ಕಸ್ತೂರೆವ್ವ ಒಂದು ಮೂಟೆ ಅಕ್ಕಿಯನ್ನು ಸುಮ್ಮನೆ ಇಳಿಜಾರು ಏರಿಸುತ್ತಿದ್ದಳು ಎಂದು ಅವತ್ತು ನನಗೆ ತಿಳಿಯಿತು.

ಇನ್ನು ಬಟ್ಟೆಯ ಮಾತು. ಹೊಸ ಕಾರ್ಬನ್ ಬಟ್ಟೆ ತುಟ್ಟಿ. ಕಾಲಿನ ಅಳತೆಗೆ ಕತ್ತರಿಸಿದಾಗ ಉಳಿಯುವ ಚೂರುಗಳು ವರ್ಕ್‌ಶಾಪಿನಲ್ಲಿ ರಾಶಿ ಬಿದ್ದಿರುತ್ತವೆ. ಅಲ್ಲಿಯ ದೊಡ್ಡವರು ಚಕ್ರಪಾಣಿ ಎಂದು. ಅವರನ್ನು ಕೇಳಿ ಆ ಚೂರುಗಳನ್ನು ಎರಡು ಚೀಲ ತಂದಳು. ನಮ್ಮ ಟೆರೇಸಿನಲ್ಲಿ ಪೇಪರ್ ಹಾಸಿ ಅವನ್ನು ಜೋಡಿಸಲು ಕುಳಿತಳು. ಅಂಗೈಯಗಲದ್ದು ಒಂದು, ಮೊಳದುದ್ದದ್ದು ಒಂದು, ಮೂಲೆ ಹೋದದ್ದು ಒಂದು. ಹಾಗಿಟ್ಟರೆ ಹೀಗೆ ಸಾಲದು, ಹೀಗಿಟ್ಟರೆ ಹಾಗೆ ಸಾಲದು. ಕಸ್ತೂರೆವ್ವ ಬಟ್ಟೆ ಒಣಹಾಕಲು ಬಂದವಳು ಸ್ವಲ್ಪ ಹೊತ್ತು ನಿಂತು ನೋಡಿದಳು.

"ಅತ್ತಾಗ ಸರದು ಕೂಡ್ರು. ಇದು ಕೌದಿ ಕೆಲಸ."

ಅವರ ಕಡೆ ಹಳೇ ಸೀರೆಯ ಚೂರುಗಳನ್ನು ಸೇರಿಸಿ ಹೊದಿಕೆ ಹೊಲಿಯುತ್ತಾರೆ, ಅದೇ ಕೌದಿ. ಅವಳು ಹೊಲಿದ ಒಂದು ಕೌದಿ ನನ್ನ ಮಂಚದ ಮೇಲೂ ಇದೆ.

"ಒಂದರ ಮ್ಯಾಲೊಂದು ನಾಕ ಬೆರಳು ಏರಿಸಬೇಕು. ಮ್ಯಾಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮ್ಯಾಲ ಬರಬಾರದು," ಎನ್ನುತ್ತಾ ಕೂತೇಬಿಟ್ಟಳು.

"ಎಳೀ ದಿಕ್ಕು ನೋಡವ್ವಾ. ಒಂದು ಅಡ್ಡ ಬಂದ್ರ ಮುಂದಿಂದು ಉದ್ದ ಬರಬೇಕು," ಎಂದಳು ಶಿಲ್ಪಾ.

"ನಿಮ್ಮ ವರ್ಕ್‌ಶಾಪ್‌ನಾಗ ನೀ ಶಾಣ್ಯಾಕಿ. ಕೌದ್ಯಾಗ ನನಗ ಕಲಸಾಕ ಬರಬ್ಯಾಡ."

ಹೀಗೆ ತಾಯಿ ಜೋಡಿಸುವುದು, ಮಗಳು ಅಂಟು ಕುಡಿಸುವುದು ಶುರುವಾಯಿತು. ಮೊದಲು ಹಳೇ ತಗಡಿನ ಮೇಲೆ ಪ್ಲಾಸ್ಟರ್ ಹಾಕಿ ಅಚ್ಚು ತೆಗೆಯಬೇಕು. ಅಚ್ಚನ್ನು ಬಿಸಿಲಿಗಿಟ್ಟು ಒಣಗಿಸಿ, ಉಜ್ಜಿ ನುಣುಪು ಮಾಡಬೇಕು. ಅದರ ಮೇಲೆ ಅಂಟದ ಹಾಗೆ ತೆಳು ಹಾಳೆ, ಹಾಳೆಯ ಮೇಲೆ ಬಟ್ಟೆ, ಬಟ್ಟೆಗೆ ರೆಸಿನ್. ಹೆಚ್ಚಾದ ರೆಸಿನ್ನನ್ನು ಒತ್ತಿ ತೆಗೆಯದಿದ್ದರೆ ಮತ್ತೆ ಭಾರ. ಅದಕ್ಕೆ ಅವಳ ಹತ್ತಿರ ಸರಿಯಾದ ಸಲಕರಣೆ ಇರಲಿಲ್ಲ. ನಾನು ಹಪ್ಪಳದ ಲಟ್ಟಣಿಗೆ ತಂದುಕೊಟ್ಟೆ. ಒತ್ತುವ ಬಗೆಯನ್ನೂ ನಾನೇ ತೋರಿಸಿದೆ. ನಡುವಿನಿಂದ ಅಂಚಿಗೆ ಒತ್ತಬೇಕು, ಅಂಚಿನಿಂದ ನಡುವಿಗೆ ಬರಬಾರದು, ಕೈ ಹಗುರ ಇರಬೇಕು. ರೆಸಿನ್ ಕಲೆಸಿದ ಮೇಲೆ ಹೊತ್ತು ಬಹಳ ಇರುವುದಿಲ್ಲ. ಬೆಲ್ಲದ ಪಾಕದ ಹಾಗೆ ಈಗ ನೀರು, ಇನ್ನೊಂದು ಗಳಿಗೆಗೆ ಎಳೆ, ಆಮೇಲೆ ಕಲ್ಲು. ಆ ಲಟ್ಟಣಿಗೆ ಈಗ ಅವಳದೇ. ಅದಕ್ಕೆ ಕಪ್ಪು ಕೂತುಹೋಗಿದೆ, ಹಪ್ಪಳಕ್ಕೆ ಬರುವುದಿಲ್ಲ.

ಉಜ್ಜುವಾಗ ಏಳುವ ಧೂಳು ಮೈಗೆ ಹತ್ತಿದರೆ ನವೆ, ಮೂಗಿಗೆ ಹೋದರೆ ಕೆಟ್ಟದ್ದು ಎಂದು ನಮ್ಮಿಬ್ಬರಿಗೂ ಮಾಸ್ಕು, ಗ್ಲೌಸು ಹಾಕಿಸಿ, ನೀರು ಹಾಕಿಕೊಂಡೇ ಉಜ್ಜುತ್ತಿದ್ದಳು. ಪಕ್ಕದ ಮನೆಯವರು ಇಣುಕಿ, "ಏನ್ರೀ ಪುಟ್ಟಲಕ್ಷ್ಮಮ್ಮ, ಮನೇಲಿ ಆಪರೇಷನ್ ಥಿಯೇಟರ್ ಇಟ್ಟಿದೀರಾ?" ಎಂದರು.

ತಗಡುಗಳು, ಪೆಟ್ಟಿಗೆ ಚೆನ್ನಾಗಿ ಬಂದವು. ಮಡ್‌ಗಾರ್ಡಿನಲ್ಲಿ ಮಾತ್ರ ಎಡವಟ್ಟಾಯಿತು. ಹಳೇದು ದೊಡ್ಡದು, ಸುಮ್ಮನೆ ಭಾರ ಎಂದು ಶಿಲ್ಪಾ ಟೈರಿನ ಮೇಲೆಯೇ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದಿದ್ದಳು. ನೋಡಲು ಬಲು ಚೆಂದ, ಕಾಲಿಗೆ ಕಾಲುಚೀಲ ಕೂತ ಹಾಗೆ ಕೂತಿತ್ತು. ನಾಗಭೂಷಣ್ ಚಕ್ರವನ್ನು ಕೈಯಲ್ಲಿ ತಿರುಗಿಸಿದ. ಅರ್ಧ ಸುತ್ತಿಗೇ ಗರ್ ಎಂದು ನಿಂತಿತು.

"ಮೇಡಂ, ಏನಿಷ್ಟು ಟೈಟಾಗಿ ಮಾಡಿದೀರ!"

"ಟೈಟಾಗೇ ಇರ್ಬೇಕಲ್ವಾ ಅಣ್ಣ? ಒಳಗೆ ಅಲ್ಲಾಡಿದ್ರೆ ಉಜ್ಜಿ ಹುಣ್ಣಾಗುತ್ತೆ."

"ಯಾರಿಗೆ ಹುಣ್ಣಾಗುತ್ತೆ? ಟೈರಿಗಾ?"

ಶಿಲ್ಪಾ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ತಲೆ ಚಚ್ಚಿಕೊಂಡು ನಕ್ಕಳು. ಅವನೂ ಸ್ಪ್ಯಾನರ್ ಕೆಳಗಿಟ್ಟು ನಕ್ಕ.

"ಇದು ಕಾಲಲ್ಲ ಮೇಡಂ, ಚಕ್ರ. ತಿರುಗ್ಬೇಕು, ಹಳ್ಳ ಬಂದ್ರೆ ಕುಣೀಬೇಕು. ಮಧ್ಯೆ ಮಣ್ಣು ಸಿಕ್ಕಿದ್ರೂ ಆಚೆ ಬೀಳ್ಬೇಕು."

ಎರಡನೇ ಸಲ ಟೈರಿಗೆ ಗೋಣಿಚೀಲ ಮಡಿಸಿ ದಪ್ಪಗೆ ಸುತ್ತಿ, ಅದರ ಮೇಲೆ ಪ್ಲಾಸ್ಟರ್ ಹಾಕಿದಳು. ಆಗ ಸರಿಹೋಯಿತು. ಮೊದಲಿನ ಬಿಗಿ ಮಡ್‌ಗಾರ್ಡನ್ನು ನಾನು ಬಿಸಾಡಲು ಬಿಡಲಿಲ್ಲ. ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದೇನೆ.

ಕಪ್ಪು ಭಾಗಗಳನ್ನೆಲ್ಲ ಮತ್ತೆ ಬೈರಪ್ಪನ ತಕ್ಕಡಿಗೆ ಹಾಕಿದೆವು. ಏಳು ಕೆಜಿಯೂ ಪೂರ್ತಿ ಇರಲಿಲ್ಲ. ಬೈರಪ್ಪ ತಕ್ಕಡಿ ಕೆಟ್ಟಿದೆಯೆಂದು ತನ್ನ ಕಾಲನ್ನೇ ಅದರ ಮೇಲಿಟ್ಟು ನೋಡಿದ. "ಅಮ್ಮ, ಎಲ್ಲಾರೂ ಹಿಂಗೇ ಮಾಡ್ಕೊಂಡ್ರೆ ನಾನು ಅಂಗಡಿ ಮುಚ್ಕೊಂಡು ಹೋಗ್ಬೇಕು," ಎಂದ.

ಸಂಕ್ರಾಂತಿಯ ಹಿಂದಿನ ಸಂಜೆ ಶಿಲ್ಪಾ ಮೊದಲ ಸಲ ಒಬ್ಬಳೇ ಏರಿಸಲು ನಿಂತಳು. ಹಾರ್ನ್ ಮಾಡಲಿಲ್ಲ. ಗೇಟಿನೊಳಗೆ ನಾವಿಬ್ಬರೂ ನಿಂತಿದ್ದೆವು. ಗಾಡಿ ಹಿಂದಕ್ಕೆ ಬಂತು. ನಾನು ಕೈಮುಗಿದುಕೊಂಡೆ. ಅವಳು ಒಂದು ಹೆಜ್ಜೆ ತಳ್ಳುತ್ತಾಳೆ, ಬ್ರೇಕ್ ಹಿಡಿಯುತ್ತಾಳೆ, ಮತ್ತೆ ಒಂದು ಹೆಜ್ಜೆ. ಇಳಿಜಾರು ಮುಗಿದು ಅಂಚಿನ ಹತ್ತಿರ ಬಂತು. ಅಲ್ಲಿ ನಿಂತಿತು. ತಳ್ಳಿದಳು, ಬರಲಿಲ್ಲ. ಇನ್ನೊಮ್ಮೆ ತಳ್ಳುವಾಗ ಕ್ಯಾಲಿಪರಿನ ಬೂಟು ಕರ್ ಎಂದು ಜಾರಿತು. ಗಾಡಿ ಅವಳನ್ನೂ ಎಳೆದುಕೊಂಡು ಅರ್ಧ ಇಳಿಜಾರು ಕೆಳಗಿಳಿಯಿತು. ಬ್ರೇಕ್ ಹಿಡಿದಿದ್ದರಿಂದ ಬೀಳಲಿಲ್ಲ.

ಕಸ್ತೂರೆವ್ವ ಓಡಿಹೋಗಿ ಹಿಂದಿನಿಂದ ಎಳೆದಳು. ಗಾಡಿ ಒಳಗೆ ಬಂತು. ಶಿಲ್ಪಾ ಮೆಟ್ಟಿಲ ಮೇಲೆ ಕುಳಿತು, "ಇನ್ನ ಬಿಚ್ಚೂದು ಏನೂ ಉಳಿದಿಲ್ಲ. ಮುಗೀತು," ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ.

ಕಸ್ತೂರೆವ್ವ ಈಗ ಊರಿನ ಮಾತು ತೆಗೆಯುತ್ತಾಳೆ ಎಂದುಕೊಂಡೆ. ಅವಳು ಮಗಳ ಎದುರಿಗೆ ನೆಲದ ಮೇಲೆ ಕುಳಿತು ಆ ಬೂಟನ್ನು ಕೈಯಲ್ಲಿ ಹಿಡಿದಳು.

"ಗಾಡೀದೆಲ್ಲಾ ಬಿಚ್ಚಿದಿ. ಇದು ಯಾರದು?"

ಶಿಲ್ಪಾ ಕಾಲು ಎಳೆದುಕೊಳ್ಳಲು ನೋಡಿದಳು. ತಾಯಿ ಬಿಡಲಿಲ್ಲ.

"ಇಷ್ಟು ವರ್ಷ ಹಿಂದ ನಿಂತು ಎಳದಾಕಿ ನಾ. ನನಗ ಕಾಣತೈತಿ. ಬಲಗಾಲು ಕಿತ್ತು ಹಿಂದ ಇಡೂವಾಗ ಎಲ್ಲಾ ಭಾರ ಈ ಕಾಲಿನ ಮ್ಯಾಲ ಬರತೈತಿ. ಆಗ ಇದು ಜಾರತೈತಿ. ಊರ ಮಂದಿ ಕಾಲಿಗೆಲ್ಲಾ ಹಗೂರಂದು ಮಾಡಿ ಕೊಡ್ತಿ, ನಿನಗ ಯಾಕ ಮಾಡ್ಕೊಂಡಿಲ್ಲ?"

ಶಿಲ್ಪಾ ನನ್ನ ಕಡೆ ತಿರುಗಿ ಹೇಳಿದಳು. "ಅಚ್ಚು ತೆಗೀಬೇಕಾದ್ರೆ ಮಲಗ್ಬೇಕು ಆಂಟಿ. ಇನ್ನೊಬ್ಬರು ಕಾಲು ಹಿಡ್ಕೋಬೇಕು. ಅಲ್ಲಿ ನಾನು ಟೇಬಲ್ಲಿನ ಈ ಕಡೆ ನಿಂತ್ಕೊಳ್ಳೋಳು. ಆ ಕಡೆ ಮಲಗೋಕೆ ಮನಸ್ಸು ಬರ್ಲಿಲ್ಲ."

"ಇಲ್ಲಿ ಯಾವ ಟೇಬಲ್ಲೂ ಇಲ್ಲ. ನನ್ನ ಮಂಚ ಇದೆ," ಎಂದೆ ನಾನು.

ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದ ಮೇಲೆ ನನ್ನ ಮಂಚದ ಮೇಲೆ ಪ್ಲಾಸ್ಟಿಕ್ ಹಾಸಿದೆವು. ಶಿಲ್ಪಾ ಮಲಗಿದಳು. ಕಸ್ತೂರೆವ್ವ ಪಾದ ಹಿಡಿದಳು, ನಾನು ತೊಡೆಯ ಹತ್ತಿರ ಹಿಡಿದೆ. ಮೊಣಕಾಲು ಎಷ್ಟು ಬಾಗಬೇಕು, ಹಿಮ್ಮಡಿ ಎಲ್ಲಿ ನಿಲ್ಲಬೇಕು ಎಂದು ಅವಳು ಮಲಗಿದಲ್ಲಿಂದಲೇ ಹೇಳುತ್ತಾ, ಕೈಗೆ ಸಿಕ್ಕಷ್ಟು ದೂರ ತಾನೇ ಪ್ಲಾಸ್ಟರ್ ಪಟ್ಟಿ ಸುತ್ತಿಕೊಂಡಳು. ಮಿಕ್ಕಿದ್ದನ್ನು ತಾಯಿ ಸುತ್ತಿದಳು. ಆ ಕಾಲು ಮಕ್ಕಳ ಕಾಲಿನಷ್ಟು ತೆಳ್ಳಗಿತ್ತು. ಪ್ಲಾಸ್ಟರ್ ಬಿಸಿಯಾಗಿ ಗಟ್ಟಿಯಾಗುವವರೆಗೂ ನಾವು ಅಲ್ಲಾಡಲಿಲ್ಲ.

"ಕೈ ನೋಯ್ತಿದೆಯಾ ಆಂಟಿ?"

"ನೀನು ಸುಮ್ನೆ ಮಲಕ್ಕೊಳ್ಳೇ. ಪೇಷಂಟು ಮಾತಾಡಬಾರದು," ಎಂದೆ. ಅವಳಿಗೆ ನಗು ಬಂತು. ಕಸ್ತೂರೆವ್ವ, "ಅಲಗ್ಯಾಡಬ್ಯಾಡ!" ಎಂದು ಗದರಿದಳು.

ಚೀಲದ ತಳದಲ್ಲಿ ಉಳಿದಿದ್ದ ಕಾರ್ಬನ್ ಚೂರುಗಳಲ್ಲಿ ಒಳ್ಳೆಯವನ್ನು ಆರಿಸಿ, ಆ ಕಾಲಿನ ಅಚ್ಚಿನ ಮೇಲೆ ಜೋಡಿಸಿ ಹೊಸ ಕ್ಯಾಲಿಪರ್ ಮಾಡಿದರು. ಮೊಣಕಾಲಿನ ಬೀಗ, ಕೀಲು ಮಾತ್ರ ಲೋಹದ್ದು. ಪಾದದ ಮುಂಭಾಗದ ಕೆಳಗೆ ಪದರ ಹೆಚ್ಚಿಗೆ ಹಾಕಿ ಗಟ್ಟಿ ಮಾಡಿದಳು, ಅಡಿಭಾಗಕ್ಕೆ ರಬ್ಬರ್ ಅಂಟಿಸಿದಳು. ವರ್ಕ್‌ಶಾಪಿನಲ್ಲಿ ಚಕ್ರಪಾಣಿಯವರು ಹಾಕಿಸಿ, ನಡೆಸಿ, ಮೇಲೆ ಕೆಳಗೆ ಹತ್ತಿಸಿ ಇಳಿಸಿ ನೋಡಿ ಸರಿ ಎಂದ ಮೇಲೆಯೇ ಹಾಕಿಕೊಂಡು ಬಂದಳು. ಅವತ್ತು ಅವಳು ಬಂದದ್ದು ನನಗೆ ತಿಳಿಯಲಿಲ್ಲ. ಟಣ್ ಎನ್ನುವ ಹೆಜ್ಜೆಯೇ ಇರಲಿಲ್ಲ. ತಿರುಗಿ ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ.

ಹೊಸ ಕ್ಯಾಲಿಪರ್ ಒಗ್ಗಲಿ ಎಂದು ಸ್ವಲ್ಪ ದಿನ ಬಿಟ್ಟಳು. ಆಮೇಲೆ ಒಂದು ಸಂಜೆ ಗಾಡಿಯನ್ನು ಗೇಟಿನ ಮುಂದೆ ತಿರುಗಿಸಿ ನಿಲ್ಲಿಸಿದಳು. ಕಸ್ತೂರೆವ್ವ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗೋಡೆಗೆ ಒರಗಿ ನಿಂತಳು, ಕೈ ತಾನಾಗಿ ಮುಂದೆ ಹೋಗಬಾರದೆಂದು. ಹೆಜ್ಜೆ, ಬ್ರೇಕ್, ಹೆಜ್ಜೆ. ಅಂಚು ಬಂತು. ಶಿಲ್ಪಾ ಉಸಿರು ಎಳೆದುಕೊಂಡು ಬಲಗಾಲು ಕಿತ್ತಳು. ಎಡಗಾಲು ನಿಂತಿತು. ಪಾದದ ಮುಂಭಾಗ ಸಿಮೆಂಟನ್ನು ಒತ್ತಿ ಹಿಡಿದದ್ದನ್ನು ನಾನು ನೋಡಿದೆ. ಹಿಂದಿನ ಚಕ್ರಗಳು ಟಕ್ ಎಂದು ಅಂಚು ಹತ್ತಿದವು. ಗಾಡಿ ಚಪ್ಪಡಿ ದಾಟಿ ತುಳಸಿಕಟ್ಟೆಯ ಪಕ್ಕಕ್ಕೆ ಬಂದು ನಿಂತಿತು.

ಶಿಲ್ಪಾಳ ಮುಖವೆಲ್ಲ ಬೆವರು. ತಾಯಿಯ ಕಡೆ ನೋಡಿದಳು. ಕಸ್ತೂರೆವ್ವ ಸೆರಗಿನಿಂದ ಕೈ ಬಿಡಿಸಿಕೊಂಡು, "ಇಳಸು," ಎಂದಳು.

"ಏನು?"

"ಕೆಳಗ ಇಳಸಿ ಇನ್ನೊಮ್ಮಿ ಏರಸು. ಒಮ್ಮಿ ದೇವರೂ ದಬ್ಬಿರ್ತಾನ."

ಶಿಲ್ಪಾ ಇನ್ನೊಮ್ಮೆ ಏರಿಸಿದಳು. ಕಸ್ತೂರೆವ್ವ ಒಳಗೆ ಹೋಗಿ, ಟ್ರಂಕು ತೆಗೆದು ಕೂಸಿಗೆಂದು ಹೊಲಿದ ಕೌದಿಗಳನ್ನು ಮಡಿಸತೊಡಗಿದಳು. ಬೆನ್ನು ನಮ್ಮ ಕಡೆ ಇತ್ತು. ಆಗಾಗ ಸೆರಗು ಮುಖಕ್ಕೆ ಹೋಗುತ್ತಿತ್ತು.

ಅವಳು ಬಸ್ ಹತ್ತಿದ ಮರುದಿನದ ಸಂಜೆ ನಾನು ಅಡಿಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಿವಿ ಮಾತ್ರ ಗೇಟಿನ ಕಡೆ ಇತ್ತು. ಹಾರ್ನ್ ಕೇಳಲಿಲ್ಲ. ತಡವಾಯಿತಲ್ಲ ಎಂದು ಒಲೆ ಆರಿಸಿ ಹೊರಗೆ ಬಂದೆ. ಗಾಡಿ ತುಳಸಿಕಟ್ಟೆಯ ಪಕ್ಕ ನಿಂತಿತ್ತು. ಗೇಟಿಗೆ ಚಿಲಕ ಹಾಕಿತ್ತು. ಶಿಲ್ಪಾ ಆಗಲೇ ಮುಖ ತೊಳೆದು ತನ್ನ ಬಾಗಿಲಲ್ಲಿ ಟೀ ಕುಡಿಯುತ್ತಿದ್ದಳು.

"ಹಾರ್ನ್ ಮಾಡ್ಲೇ ಇಲ್ಲವಲ್ಲೇ!"

"ಯಾರನ್ನ ಕರೀಬೇಕಿತ್ತು ಆಂಟಿ?" ಎಂದಳು.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಕೊಪ್ಪಳದಿಂದ ಕಸ್ತೂರೆವ್ವ. ಮಗಳಿಗೆ ಮಾಡದೆ ನನಗೆ ಮಾಡಿದ್ದಳು.

"ಅಕ್ಕಾರ, ಖರೇ ಹೇಳ್ರಿ. ನೀವ ಹೋಗಿ ದಬ್ಬೀರಿ ಹೌದಿಲ್ಲೋ?"

"ಇಲ್ಲ ಕಣೆ ಕಸ್ತೂರೆವ್ವ. ನಾನು ಅಡಿಗೆಮನೇಲಿದ್ದೆ. ಬಂದು ನೋಡಿದ್ರೆ ಗಾಡಿ ಒಳಗಿದೆ, ಗೇಟ್ ಹಾಕಿದೆ."

"ಹಾದಿ ಮ್ಯಾಲಿನವರು?"

"ಯಾರೂ ಇಲ್ಲ. ಒಬ್ಬಳೇ ತಂದು ನಿಲ್ಲಿಸಿದಾಳೆ."

ಆ ಕಡೆ ಅವಳ ಹಿಂದೆ ಯಾರ್ಯಾರೋ ಹೆಂಗಸರ ದನಿ, ಪಾತ್ರೆಯ ಸದ್ದು. ಆಮೇಲೆ ಕಸ್ತೂರೆವ್ವ ಅಲ್ಲಿದ್ದವರನ್ನು, "ಏ, ಎಲ್ಲಾರೂ ಸುಮ್ಮನಿರ್ರೀ ಒಂದೀಟು!" ಎಂದು ಗದರಿದ್ದು ಕೇಳಿಸಿತು.

"ಸ್ಪೀಕರ್ ಹಾಕೀನಿ ಅಕ್ಕಾರ. ದಾನಮ್ಮನ ಅತ್ತಿ ಇದ್ದಾರ, ಓಣಿಯವರೂ ಬಂದಾರ. ಈಗ ಏನಂದ್ರಿ, ಇನ್ನೊಮ್ಮಿ ಹೇಳ್ರಿ. ಜೋರ್ಲೆ ಹೇಳ್ರಿ."

ನಾನು ಇಳಿಜಾರಿನಿಂದ ಹಿಡಿದು ಗೇಟಿನ ಚಿಲಕದವರೆಗೆ, ಒಂದೂ ಬಿಡದೆ, ಜೋರಾಗಿ ಹೇಳಿದೆ.